ಗಾಜಿನ ಮನೆಯ ಉರುವಲು

ಕಾಯ್ಕಿಣಿ
೧೨ ನವೆಂಬರ್ ೧೯೭೩

ಕಮಲೀ,

ಮೂರು ತಿಂಗಳಿಂದ ನಿನಗೆ ಬರೆಯಲು ಕೂರುವುದು, ಕಾಗದ ಮಡಚಿಟ್ಟು ಏಳುವುದು, ಇದೇ ಆಗಿದೆ. ಮುರ್ಡೇಶ್ವರದ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಒಂದೇ ಮಣೆಯಲ್ಲಿ ಕೂತವರು ನಾವು. ನಿನ್ನ ಹತ್ತಿರ ಆಡಲು ನನಗೆ ಮಾತು ಸಿಗದೇ ಹೋದದ್ದು ಇದೇ ಮೊದಲು.

ನಿನ್ನ ಅವ್ವ ಹೊನ್ನಮ್ಮ ನಿನ್ನೆ ಮೀನಿನ ಬುಟ್ಟಿ ಇಳಿಸಿ ನಮ್ಮ ಜಗಲಿಯಲ್ಲಿ ಕೂತು, ನಾನು ಆಗಲೇ ಕೇಳಿದ್ದ ಸುದ್ದಿಯನ್ನೆಲ್ಲ ಮತ್ತೆ ಹೇಳಿದಳು. ನಿನ್ನ ಯಜಮಾನ ವೆಂಕಟಣ್ಣನ ದೋಣಿ ಬರಿದಾಗಿ ತೇಲಿ ಬಂದದ್ದು, ಅವನು ಮಾತ್ರ ಇವತ್ತಿನವರೆಗೂ ಸಿಗದೇ ಇರುವುದು. "ಮಗಳು ಇನ್ನೂವಾ ಹೂ ಮುಡೀತದೆ, ಬಳೆ ಹಾಕ್ತದೆ. ಜನ ಎಂತೆಂತದೋ ಆಡ್ತಾರೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಡಲಿ ಬಿಡು. ಹೂ ಬೆಳೆಯುವವಳು ನಾನು, ನಿನ್ನ ಮುಡಿಗೆ ಹೂ ಕಳಿಸುವುದು ನನ್ನ ಕೆಲಸ. ಬಾಳೆಪಟ್ಟೆಯಲ್ಲಿ ಸುತ್ತಿ ಹೊನ್ನಾವರದ ಬಸ್ಸಿಗೆ ಕೊಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಲು ನಿನ್ನ ಮೈದುನ ನಾಗನಿಗೆ ಹೇಳು.

ನಮ್ಮ ಮನೆಯ ಹುಚ್ಚು ಸುದ್ದಿಯನ್ನೂ ಕೇಳು, ಸ್ವಲ್ಪ ನಗುವೆ. ನಮ್ಮವರು, ದೇವು, ಊಟಿಯ ಹೂವಿನ ತೋಟದಲ್ಲಿ ಎರಡು ವರ್ಷ ದುಡಿದು ಬಂದದ್ದು ನಿನಗೆ ಗೊತ್ತಲ್ಲ. ಅಲ್ಲಿ ಗಾಜಿನ ಮನೆಯೊಳಗೆ ಬೆಂಕಿ ಹಾಕಿ ಚಳಿಗಾಲದಲ್ಲೂ ಹೂ ಬಿಡಿಸುತ್ತಾರಂತೆ. ಮಾರ್ಗಶಿರದಲ್ಲಿ ಮಲ್ಲಿಗೆ ಮೂಕಾಗುತ್ತದೆ, ಆಗಲೇ ಭಟ್ಕಳದ ನವಾಯತ ಸಾಹೇಬರ ಮನೆಗಳಲ್ಲಿ ಮದುವೆ ಮೇಲೆ ಮದುವೆ. ಆಗ ನಮ್ಮಲ್ಲಿ ಹೂ ಇದ್ದರೆ? ಅಷ್ಟೇ ತಲೆಗೆ ಹೊಕ್ಕಿತು. ಕುಮಟೆಯಲ್ಲಿ ಹಳೇ ಬಂಗಲೆಯ ಕಿಟಕಿಗಳು ಹರಾಜಿಗೆ ಬಂದಾಗ ಅಷ್ಟನ್ನೂ ಹೊತ್ತು ತಂದು ತೋಟದ ಮೇಲೆಯೇ ಮನೆ ಕಟ್ಟಿಬಿಟ್ಟರು. ಊರವರು ಅದಕ್ಕೆ ಹೂವಿನ ಆಸ್ಪತ್ರೆ ಎಂದು ಹೆಸರಿಟ್ಟಿದ್ದಾರೆ.

ಈಗ ಬೆಚ್ಚಗಿಡುವುದೇ ತಲೆನೋವು. ಚಿಮಣಿ ಎಣ್ಣೆಯ ಸ್ಟೋವುಗಳನ್ನು ಸಾಲಾಗಿ ಇಟ್ಟಿದ್ದೇವೆ. ಅರಬರ ದೇಶದಲ್ಲಿ ಯುದ್ಧವಂತೆ, ಎಣ್ಣೆಯ ಬೆಲೆ ಕೇಳಿದರೆ ಬಾಯಿ ಒಣಗುತ್ತದೆ. ಕರೆಂಟಿನ ತಂತಿ ನಮ್ಮ ಗದ್ದೆಯ ಮೇಲೆಯೇ ಹೋಗುತ್ತದೆ, ನಮಗೆ ಬರುವುದು ಅದರ ನೆರಳು ಮಾತ್ರ.

ಕವರು ಕೊಳ್ಳುವಾಗಲೇ ಅಲ್ಲೇ ನಿಂತು ವಿಳಾಸದಲ್ಲಿ ಮೈಸೂರು ರಾಜ್ಯ ಎಂದು ಬರೆದಿದ್ದೆ. ಈಗ ಕರ್ನಾಟಕ ಅಂತ ಬರೀಬೇಕು ಎಂದು ಪೋಸ್ಟ್ ಮಾಸ್ತರು ಹೊಡೆದು ಹಾಕಿದರು. ಕಾಗದ ತಲುಪಿದರೆ ಬರೆ.

ನಿನ್ನ
ಸರೋಜಾ


ಮಾವಿನಕುರ್ವೆ
೨೩ ನವೆಂಬರ್ ೧೯೭೩

ಸರೋಜಾ,

ಕಾಗದವೂ ತಲುಪಿತು, ಹೂವೂ ತಲುಪಿತು. ನಾಗ ತಂದುಕೊಟ್ಟ. ಕೊಡುವಾಗ ನನ್ನ ಮುಖ ನೋಡಲಿಲ್ಲ. ಈ ಮನೆಯಲ್ಲಿ ಈಗ ಯಾರೂ ನನ್ನ ಮುಖ ನೋಡುವುದಿಲ್ಲ, ತಲೆಯನ್ನೇ ನೋಡುತ್ತಾರೆ, ಇವತ್ತೂ ಮುಡಿದಿದ್ದಾಳೋ ಎಂದು.

ನನಗೆ ತಲೆ ಕೆಟ್ಟಿದೆ ಎಂದು ನೀನೂ ತಿಳಿಯಬೇಡ. ನಮ್ಮ ಕೇರಿಯ ಕಟ್ಟಳೆ ಹೇಳುತ್ತೇನೆ. ದೋಣಿ ಬಂದು ಆಳು ಬರದಿದ್ದರೆ ಆ ದೋಣಿಯನ್ನು ಮನೆಗೆ ತರುವುದಿಲ್ಲ. ಅದು ಎಲ್ಲಿ ದಡ ಮುಟ್ಟಿತೋ ಅಲ್ಲೇ ಭರತಿಯಲ್ಲಿ ಏರುವ ನೀರು ತಾಗದ ಕಡೆ ಎಳೆದಿಟ್ಟು, ಮೂತಿಯನ್ನು ಕಡಲಿಗೆ ತಿರುಗಿಸಿ, ಮೇಲೆ ತೆಂಗಿನ ಮಡಲು ಹೊದೆಸುತ್ತಾರೆ. ಹೋದವನು ಅದನ್ನು ಗುರುತು ಹಿಡಿದು ಬರಬೇಕು. ಮುಂದಿನ ನೂಲಹುಣ್ಣಿಮೆಯವರೆಗೆ ಅದಕ್ಕೆ ಯಾರೂ ಕೈ ಹಚ್ಚುವ ಹಾಗಿಲ್ಲ. ಅಲ್ಲಿಯವರೆಗೆ ಹೆಂಡತಿ ಹೂವು ಬಳೆ ತೆಗೆಯುವ ಹಾಗೂ ಇಲ್ಲ. ಇನ್ನೊಂದು ಮಾತು, ಹೆಂಡತಿ ಆ ದೋಣಿಯನ್ನು ಹೋಗಿ ನೋಡಬಾರದು. ಬರಿದಾದ ದೋಣಿಯನ್ನು ಅವಳು ಕಣ್ಣಾರೆ ಕಂಡರೆ ಅವನು ಇಲ್ಲವೆಂದು ಒಪ್ಪಿದ ಹಾಗೆ.

ನಮ್ಮ ದೋಣಿ ಹೊಳೆ ಕಡಲು ಸೇರುವ ಅಳಿವೆಯ ಆಚೆ ದಡದ ಮರಳಿನಲ್ಲಿದೆ. ನಾಗ ವಾರಕ್ಕೊಮ್ಮೆ ದಾಟಿ ಹೋಗಿ ದೀಪ ಹಚ್ಚಿ ಬರುತ್ತಾನೆ. ಬಂದವನನ್ನು ನಾನು ಕೇಳುತ್ತೇನೆ, "ಹೆಂಗದೆ?" "ಇದ್ದಂಗೇ ಅದೆ ಅತ್ಗೆ" ಎನ್ನುತ್ತಾನೆ. ನನಗೆ ಅಷ್ಟು ಸಾಕು.

ನೀನು ನಗುವ ಸುದ್ದಿ ನನ್ನಲ್ಲೂ ಒಂದಿದೆ. ಸಂಜೆ ಬಚ್ಚಲಿನ ಹಂಡೆ ತುಂಬಿಸುತ್ತೇನೆ. ಕಡಲಿಂದ ಬಂದವನಿಗೆ ಮೊದಲು ಬೇಕಾದ್ದು ಬಿಸಿನೀರು, ಅನ್ನ ಆಮೇಲೆ. ಒಲೆಗೆ ಬೆಂಕಿ ಮಾತ್ರ ಹಾಕುವುದಿಲ್ಲ. ಈ ಕುರ್ವೆಯ ಸುತ್ತ ನೀರು, ಕಟ್ಟಿಗೆಗೂ ಬರ, ಹೊಳೆ ದಾಟಿ ತರಬೇಕು, ಇಲ್ಲದವನ ಹೆಸರಲ್ಲಿ ಸುಡಲು ಅತ್ತೆ ಬಿಡುವುದಿಲ್ಲ. ಬೆಳಿಗ್ಗೆ ಅದೇ ತಣ್ಣೀರಲ್ಲಿ ಬಟ್ಟೆ ಒಗೆಯುತ್ತೇನೆ.

ಹೂವಿಗೆ ಬಿಸಿ ಹಾಕುವ ನಿನ್ನ ಗಂಡನಿಗೂ ನನಗೂ ಸರಿಹೋಯಿತು ನೋಡು.

ಕಮಲಿ


ಕಾಯ್ಕಿಣಿ
೯ ಡಿಸೆಂಬರ್ ೧೯೭೩

ಕಮಲೀ,

ನಿನ್ನ ಕಾಗದ ಓದಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ನನ್ನ ಅತ್ತೆ ಸಣ್ಣಮ್ಮ ಹೊಗೆ ಎಂದುಕೊಂಡು ಊದುಗೊಳವೆ ತಂದುಕೊಟ್ಟಳು. ನಿನ್ನ ಕಟ್ಟಳೆಗೆ ನಾನು ನಗುವುದಿಲ್ಲ. ಹಂಡೆ ತುಂಬಿಸು. ಯಾರು ಏನೆಂದರೂ ತುಂಬಿಸು.

ಇಲ್ಲಿ ಚಿಮಣಿ ಎಣ್ಣೆ ಪೂರ್ತಿ ಕೈಕೊಟ್ಟಿತು. ಅಂಗಡಿಯಲ್ಲಿ ಸಾಲು ನಿಂತರೆ ದೀಪಕ್ಕೆ ಸಾಕಾಗುವಷ್ಟು ಕೊಡುತ್ತಾರೆ, ಗಾಜಿನ ಮನೆಗೆ ಎಂದರೆ ಹುಚ್ಚರನ್ನು ಕಂಡ ಹಾಗೆ ನೋಡುತ್ತಾರೆ. ಸ್ಟೋವು ಮೂಲೆಗಿಟ್ಟು ಮಣ್ಣಿನ ದೊಡ್ಡ ಒಲೆ ಕಟ್ಟಿ, ಹೊಗೆಯ ಕೊಳವೆಯನ್ನು ಗಿಡದ ಸಾಲುಗಳ ನಡುವೆ ಓಡಿಸಿದೆವು. ಒಲೆಗೆ ಕಟ್ಟಿಗೆ? ಗುಡ್ಡಕ್ಕೆ ಹೋದರೆ ಫಾರೆಸ್ಟ್ ಗಾರ್ಡು ಕತ್ತಿ ಕಸಿದುಕೊಳ್ಳುತ್ತಾನೆ. ಭತ್ತದ ಹೊಟ್ಟು ಹಾಕಿದೆವು, ಹೊಗೆಗೆ ಎಲೆ ಕಪ್ಪಾಯಿತು. ತೆಂಗಿನ ಮಡಲು ಕಾಗದದ ಹಾಗೆ ಭುಗಿಲೆಂದು ಆರಿಹೋಯಿತು. ಮೊಗ್ಗು ಕಟ್ಟುವ ಹೊತ್ತಿಗೆ ಒಂದು ವಾರ ಬಿಸಿ ತಪ್ಪಿದರೆ ವರ್ಷದ ದುಡಿಮೆ ಮಣ್ಣಿಗೆ. ದೇವು ಊಟ ಬಿಟ್ಟು ಗಾಜು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ದೇವರು ಕಣ್ಣು ಬಿಟ್ಟ. ಹೊನ್ನಾವರದ ಕಡೆಯಿಂದ ಒಂದು ಗಾಡಿ ಹಳೇ ಮರ ಮಾರಾಟಕ್ಕೆ ಬಂತು. ಒಣಗಿ ಕಲ್ಲಾದ ಹಲಗೆಗಳು, ಎಣ್ಣೆ ಕುಡಿದ ಮರ. ಒಂದು ತುಂಡು ಹಾಕಿದರೆ ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತದೆ. ಉರಿಯ ಬಣ್ಣ ನೀನು ನೋಡಬೇಕು, ನವಿಲಿನ ಕುತ್ತಿಗೆಯ ಬಣ್ಣ. ಇಷ್ಟು ಚಂದದ ಬೆಂಕಿ ನಾನು ಕಂಡಿರಲಿಲ್ಲ. ನಾಲ್ಕೇ ದಿನಕ್ಕೆ ಗಿಡದ ಕಣ್ಣುಕಣ್ಣಲ್ಲೂ ಮೊಗ್ಗು.

ಮೊದಲ ಕೊಯ್ಲಿನ ಮೊದಲ ದಂಡೆ ನಿನಗೆ. ಬಸ್ಸಿಗೆ ಕೊಡುತ್ತಿದ್ದೇನೆ.

ನಿನ್ನ
ಸರೋಜಾ


ಮಾವಿನಕುರ್ವೆ
೧೬ ಡಿಸೆಂಬರ್ ೧೯೭೩

ಸರೋಜಾ,

ನಿನ್ನ ಹೂವಿಗೆ ಏನು ಮಾಡಿದ್ದೀ?

ಮೊಗ್ಗು ಬಿಗಿಯಾಗಿತ್ತು, ಹಾಗೇ ಮುಡಿದುಕೊಂಡು ಒಣಮೀನು ತಿರುವಿ ಹಾಕುತ್ತಿದ್ದೆ. ಹಾಡುಹಗಲು. ತಲೆಯ ಹಿಂದೆ ಏನೋ ಅಲುಗಿದ ಹಾಗಾಯಿತು. ಕೈ ಹಚ್ಚಿದರೆ ದಂಡೆಯಷ್ಟೂ ಅರಳಿತ್ತು, ಒಂದೇ ಸಲಕ್ಕೆ. ಮಲ್ಲಿಗೆಯ ಪರಿಮಳದ ಅಡಿಯಲ್ಲಿ ಇನ್ನೊಂದು ವಾಸನೆ. ನನಗೆ ತಕ್ಷಣ ಗೊತ್ತಾಗಲಿಲ್ಲ. ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಅತ್ತೆ ದುರ್ಗಮ್ಮನ ಕೈ ನಿಂತುಹೋಯಿತು. "ವೆಂಕಟ ಬಂದನಾ?" ಎಂದು ಕೇಳಿದಳು. ನಾನು ಅವಳನ್ನು ನೋಡಿದೆ. "ಅವ್ನ ಅಂಗಿ ವಾಸ್ನೆ ಬಂತಲ್ಲೇ" ಎಂದಳು.

ಹೌದು. ದೋಣಿಗೆ ಬಳಿಯುವ ಮೀನೆಣ್ಣೆಯ ವಾಸನೆ, ಬೀಡಿಯದು, ಬೆವರಿನದು.

ನನಗೆ ಹೆದರಿಕೆ ಆಗಲಿಲ್ಲ. ಸುಳ್ಳು ಹೇಳುವುದೇಕೆ, ಖುಷಿಯಾಯಿತು. ಬಾಡಿದ ದಂಡೆಯನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇನ್ನೊಂದು ಕಳಿಸು.

ಕಮಲಿ


ಕಾಯ್ಕಿಣಿ
೨೯ ಡಿಸೆಂಬರ್ ೧೯೭೩

ಕಮಲೀ,

ನೀನು ಬರೆದದ್ದನ್ನು ಮೊದಲು ಮನಸ್ಸಿನ ಆಸೆ ಎಂದುಕೊಂಡೆ. ಈಗ ಹಾಗೆನ್ನಲು ಧೈರ್ಯವಿಲ್ಲ.

ಮಲ್ಲಿಗೆ ಅರಳುವುದು ಸಂಜೆಗೆ. ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಬಸ್ಸಿಗೆ ಹಾಕಿದರೆ ಕೊಂಡವರ ತಲೆಯಲ್ಲಿ ಅರಳಬೇಕು. ವ್ಯಾಪಾರ ನಿಂತಿರುವುದೇ ಅದರ ಮೇಲೆ. ನಮ್ಮದು ಅಮಾವಾಸ್ಯೆಯ ದಿನ ಬೆಳಿಗ್ಗೆ ಹನ್ನೊಂದಕ್ಕೇ ಬುಟ್ಟಿಯಲ್ಲಿ ಬಾಯಿ ಬಿಟ್ಟಿತು. ಮರುದಿನ ಹನ್ನೆರಡರ ಹತ್ತಿರ. ಅದರ ಮರುದಿನ ಇನ್ನೂ ತುಸು ತಡವಾಗಿ. ದಿನದಿನಕ್ಕೆ ಹೀಗೆ ಮುಂದೆ ಮುಂದೆ ಹೋಗುತ್ತಿದೆ. ಭಟ್ಕಳದ ಹೂವಿನ ಸಾಹೇಬರು ಬುಟ್ಟಿ ವಾಪಸು ಕಳಿಸಿ, "ಮದುಮಗಳಿಗೆ ನಿನ್ನೆಯ ಹೂ ಮುಡಿಸಲಿಕ್ಕೆ ಆಗ್ತದಾ?" ಎಂದು ಹೇಳಿ ಕಳಿಸಿದ್ದಾರೆ. ದೇವು ಬಿಸಿ ಜಾಸ್ತಿಯಾಯಿತೆಂದು ಬೆಂಕಿ ತಗ್ಗಿಸಿದರು, ಆಮೇಲೆ ಕಡಿಮೆಯಾಯಿತೆಂದು ಏರಿಸಿದರು. ಹೂ ಯಾವುದಕ್ಕೂ ಕಿವಿಗೊಡುವುದಿಲ್ಲ.

ಇಷ್ಟೇ ಆಗಿದ್ದರೆ ನಷ್ಟವೆಂದು ಸುಮ್ಮನಿರುತ್ತಿದ್ದೆ. ಒಳಗೆ ಗಾಜಿನ ಮೇಲೆ ಇಳಿಯುವ ನೀರು ಉಪ್ಪು, ನಾನೇ ನಾಲಿಗೆಗೆ ಹಚ್ಚಿ ನೋಡಿದ್ದೇನೆ. ಒಲೆಯ ಬಳಿ ಹೂ ಕಟ್ಟಲು ಕೂರುವ ಮಣೆ ಹಾಕಿದ್ದೇವೆ. ಕಟ್ಟಲು ಬರುವ ಸುಕ್ರಿ ಆ ಮಣೆಯಲ್ಲಿ ಕೂರುವುದನ್ನೇ ಬಿಟ್ಟಿದ್ದಾಳೆ. "ಯಾವಾಗ್ಲೂ ಒದ್ದೆ ಇರ್ತದೆ ಅಮಾ, ಒರ್ಸಿದ್ರೂ ಒದ್ದೆ" ಎನ್ನುತ್ತಾಳೆ. ಒಲೆಯ ಎದುರು ಇಷ್ಟು ಕಾವಿನಲ್ಲಿ ಮರ ಒದ್ದೆಯಾಗುವುದು ಹೇಗೆ? ನೆಲದಲ್ಲಿ ಮರಳು. ನಮ್ಮದು ಕೆಂಪು ಮಣ್ಣು, ಬಿಳಿ ಮರಳು ಇಲ್ಲಿಗೆ ಹೊತ್ತವರಾರು?

ಮೊನ್ನೆ ಮಧ್ಯಾಹ್ನ ಸಣ್ಣಮ್ಮ ಒಲೆಗೆ ತುಂಡು ಇಡಲು ಹೋದವಳು ಹಾಗೇ ಹೊರಗೆ ಬಂದು ಬಾಗಿಲೆಳೆದುಕೊಂಡಳು. ಯಾಕೆ ಎಂದರೆ, "ಯಾರೋ ಬೆನ್ನು ಕಾಯ್ಸ್ಕೊಳ್ತಾ ಕೂತವ್ರೆ, ಆಮೇಲೆ ಹೋಪ" ಎಂದಳು. ಪೊರೆ ಬಂದ ಕಣ್ಣು ಅವಳದು. ನಾನು ಓಡಿ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಮಣೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸುತ್ತ ಹೂವೆಲ್ಲ ಅರಳಿತ್ತು.

ನನಗೆ ಹೆದರಿಕೆಯಾಗುತ್ತಿದೆ ಕಮಲೀ. ನಿನ್ನ ಹತ್ತಿರ ಬಿಟ್ಟರೆ ಯಾರ ಹತ್ತಿರ ಹೇಳಲಿ?

ನಿನ್ನ
ಸರೋಜಾ


ಮಾವಿನಕುರ್ವೆ
೪ ಜನವರಿ ೧೯೭೪

ಸರೋಜಾ,

ನಿನಗೆ ಗದ್ದೆ ಗೊತ್ತು, ತೋಟ ಗೊತ್ತು. ನೀರು ಗೊತ್ತಿಲ್ಲ. ಅಮಾವಾಸ್ಯೆಗೆ ಹನ್ನೊಂದು, ಮರುದಿನ ಹನ್ನೆರಡರ ಹತ್ತಿರ, ಆಮೇಲೆ ದಿನಾ ತುಸು ತಡ. ಇದು ಭರತಿ. ಅಳಿವೆಯಲ್ಲಿ ನೀರು ಏರುವ ಹೊತ್ತು. ನಮ್ಮ ಕೇರಿಯ ಹಾಲು ಕುಡಿಯುವ ಮಗುವಿಗೂ ಗೊತ್ತು. ನಿನ್ನ ಹೂ ಬಿಸಿ ನೋಡಿ ಅರಳುತ್ತಿಲ್ಲ, ಕಡಲು ನೋಡಿ ಅರಳುತ್ತಿದೆ.

ನಿನ್ನ ಹಿಂದಿನ ಕಾಗದಗಳನ್ನೆಲ್ಲ ತೆಗೆದು ಓದಿದೆ. ಹೊನ್ನಾವರದ ಕಡೆಯ ಮರ, ಎಣ್ಣೆ ಕುಡಿದ ಹಲಗೆ, ನವಿಲು ಬಣ್ಣದ ಉರಿ. ಉಪ್ಪು ತಿಂದ ಮರವೇ ಹಾಗೆ ಉರಿಯುವುದು. ನೀವು ಸುಡುತ್ತಿರುವುದು ಯಾರದೋ ದೋಣಿ.

ಯಾರದೋ ಎಂದು ಬರೆದೆ. ನಾಗನನ್ನು ನಿನ್ನೆ ಕೇಳಿದೆ, "ದೋಣಿ ಹೆಂಗದೆ?" "ಇದ್ದಂಗೇ ಅದೆ" ಎಂದ. ನಾನು ಹೋಗಿ ನೋಡುವ ಹಾಗಿಲ್ಲ. ನೀನು ನೋಡು.

ಆ ಮಣೆ ಎಲ್ಲಿಂದ ಬಂತು? ಆ ಗಾಡಿಯ ಮರದ್ದೇ ಆಗಿದ್ದರೆ ಮಗುಚಿ ನೋಡು. ವೆಂಕಟ ಕೂತು ಹುಟ್ಟು ಹಾಕುತ್ತಿದ್ದ ಹಲಗೆಯ ಅಡಿಯಲ್ಲಿ, ಮದುವೆಯಾದ ವರ್ಷ, ನಾನೊಂದು ಕವಡೆ ಕೂರಿಸಿದ್ದೆ. ಅವನು ಉಳಿಯಿಂದ ಗುಳಿ ತೆಗೆದ, ನಾನು ಮೇಣ ಹಾಕಿ ಒತ್ತಿದೆ. ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಅದು ಗೊತ್ತಿಲ್ಲ.

ಇಲ್ಲ ಎಂದು ಬರೆ. ದಮ್ಮಯ್ಯ, ಇಲ್ಲ ಎಂದು ಬರೆ.

ಕಮಲಿ


ಕಾಯ್ಕಿಣಿ
೮ ಜನವರಿ ೧೯೭೪

ಕಮಲೀ,

ಕವಡೆ ಇದೆ.

ಇಡೀ ದಿನ ಯೋಚಿಸಿದೆ, ಬೇರೆ ಏನಾದರೂ ಬರೆಯಲೇ ಎಂದು. ನಿನಗೆ ಸುಳ್ಳು ಬರೆಯಲಾರೆ. ಗಾಡಿ ಇಳಿಸುವಾಗ ಇದೊಂದು ಹಲಗೆ ನಯವಾಗಿದೆ, ಕೂರಲು ಹದವಾಗಿದೆ ಎಂದು ದೇವು ತೆಗೆದಿಟ್ಟಿದ್ದರು. ಅದಕ್ಕೇ ಉಳಿಯಿತು. ಉಳಿದದ್ದೆಲ್ಲ ಹೋಯಿತು. ಬೂದಿಯಲ್ಲಿ ತಾಮ್ರದ ಮೊಳೆಗಳಿವೆ, ಅಷ್ಟೇ.

ಇವತ್ತು ಒಲೆಗೆ ನೀರು ಹೊಯ್ದೆ. ದೇವು ಬೇಡವೆನ್ನಲಿಲ್ಲ. ಬೆಂಕಿ ಬೇಕು, ಬೆಂಕಿ ಬೇಕು ಎಂದು ಓಡಾಡಿದವರು ನಾವು, ಈ ಮರ ಯಾರದ್ದು ಎಂದು ಒಂದು ಮಾತು ಕೇಳಲಿಲ್ಲ. ಕೇಳುವಷ್ಟು ಪುರುಸೊತ್ತು ಇರಲಿಲ್ಲ. ನಾನು ಏನು ಮಾಡಲಿ ಹೇಳು. ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ನಿನ್ನ ಎದುರು ಮುಖ ತೋರಿಸುವುದಿಲ್ಲ.

ಸರೋಜಾ


ಮಾವಿನಕುರ್ವೆ
೨೧ ಜನವರಿ ೧೯೭೪

ಸರೋಜಾ,

ಬರೆಯಲು ಇಷ್ಟು ದಿನ ಬೇಕಾಯಿತು.

ನಿನ್ನ ಕಾಗದವನ್ನು ನಾಗನ ಎದುರು ಗಟ್ಟಿಯಾಗಿ ಓದಿದೆ. ಮೊದಲು ಬೈದ, ಆಮೇಲೆ ದೋಣಿ ಒಡೆದು ಮಾರಿದ್ದು ತಾನೇ ಎಂದು ಅತ್ತ. "ಎಷ್ಟ್ ದಿನ ಅತ್ಗೆ ಹಿಂಗೆ? ಮಳೆ ಬಂದ್ರೆ ಮರ ಹುಳ ಹಿಡೀತದೆ. ದೋಣಿ ಇಲ್ಲ ಅಂತ ಆದ್ರೆ ನೀ ಹೂ ಬಿಡ್ತೆ, ಅಳ್ತೆ, ಆಮೇಲಾದ್ರೂ ಉಣ್ತೆ ಅಂದ್ಕಂಡೆ" ಎಂದ. ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ. ಹೇಳಲು ಬಾಯಿ ಬರಲಿಲ್ಲವಂತೆ. ವಾರಕ್ಕೊಮ್ಮೆ ದಾಟಿ ಹೋಗಿ ಬರಿ ಮರಳಿನ ಮೇಲೆ ದೀಪ ಹಚ್ಚಿ ಬರುತ್ತಿದ್ದನಂತೆ. ಅವನನ್ನು ಹೊಡೆಯಲು ಕೈ ಎತ್ತಿದೆ, ಆಗಲಿಲ್ಲ.

ನಿನ್ನ ಮೇಲೂ ಸಿಟ್ಟು ಬಂದಿತ್ತು, ಮುಚ್ಚಿಡುವುದಿಲ್ಲ. ಭಟ್ಕಳದ ಮದುಮಕ್ಕಳ ತಲೆಗೆ ಹೂ ಬೇಕೆಂದು ನನ್ನ ತಲೆಯ ಹೂವನ್ನು ಒಲೆಗೆ ಹಾಕಿದಿರಿ ಎಂದು ಬರೆದು ಹರಿದೆ. ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀನು ನಿನ್ನ ಕೈಯನ್ನೇ ಒಲೆಗೆ ಇಡುತ್ತಿದ್ದೆ ಹೊರತು ಅದನ್ನಲ್ಲ, ಅದೂ ನನಗೆ ಗೊತ್ತು.

ಈಗ ಮುಖ್ಯ ಮಾತು ಕೇಳು. ವೆಂಕಟನಿಗೆ ನಿನ್ನ ಊರು ಗೊತ್ತಿಲ್ಲ, ನಿನ್ನ ಮನೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಅವನ ದೋಣಿ. ದೋಣಿ ಇದ್ದಲ್ಲಿಗೆ ಬರುತ್ತಿದ್ದಾನೆ, ಭರತಿಯ ಜೊತೆ ಬರುತ್ತಿದ್ದಾನೆ, ಪರರ ಮನೆಯ ಒಲೆಗೆ ಬೆನ್ನು ಕೊಟ್ಟು ಕೂತಿದ್ದಾನೆ. ಆ ಹಲಗೆ ಕಳಿಸು. ಅವನು ನನ್ನ ಮನೆಗೆ ಬರಲಿ.

ಕಮಲಿ


ಕಾಯ್ಕಿಣಿ
೨೭ ಜನವರಿ ೧೯೭೪

ಕಮಲೀ,

ಹಲಗೆಯನ್ನು ದೇವು ಇವತ್ತು ತರುತ್ತಿದ್ದಾರೆ, ಈ ಕಾಗದವೂ ಅವರ ಕೈಯಲ್ಲೇ. ಬಸ್ಸಿನ ಮೇಲೆ ಹಾಕಬೇಡಿ, ಮಡಿಲಲ್ಲಿಟ್ಟುಕೊಳ್ಳಿ ಎಂದಿದ್ದೇನೆ. ಹೊಳೆ ದಾಟುವಾಗ ನೀರು ತಾಗಿಸಬೇಡಿ ಎಂದೂ ಹೇಳಿದ್ದೇನೆ, ಯಾಕೆಂದು ನನಗೇ ಗೊತ್ತಿಲ್ಲ.

ಬೆಳಿಗ್ಗೆ ಗಾಜಿನ ಮನೆಯಿಂದ ಅದನ್ನು ಎತ್ತುವಾಗ ಒಬ್ಬರ ಕೈಯಲ್ಲಿ ಆಗಲಿಲ್ಲ. ಒಬ್ಬ ಹೆಂಗಸು ಎತ್ತಿಡುವ ಮಣೆ ಅದು, ನಾನೇ ಎಷ್ಟು ಸಲ ಎತ್ತಿ ಗುಡಿಸಿಲ್ಲ. ಇಬ್ಬರೂ ಹಿಡಿದು ಬಾಗಿಲು ದಾಟಿಸಿದೆವು. ಅಂಗಳಕ್ಕೆ ಇಳಿದ ಮೇಲೆ ಹಗುರಾಯಿತು. ಸಣ್ಣಮ್ಮ ಜಗಲಿಯಿಂದ, "ಹೋಯ್ಬಾ ತಮಾ, ಮನೀಲಿ ಕಾಯ್ತಾರೆ" ಎಂದಳು. ದೇವು ತಮಗೇ ಹೇಳಿದ್ದೆಂದುಕೊಂಡು "ಆತು" ಎಂದರು. ಅವಳು ನೋಡುತ್ತಿದ್ದದ್ದು ದೇವುವನ್ನಲ್ಲ.

ಒಲೆ ಆರಿದ ಮೇಲೆ ಗಿಡಗಳು ಎಲೆ ಉದುರಿಸಿವೆ. ಇನ್ನು ಬೇಸಿಗೆಗೆ ತಾವಾಗಿ ಬಿಟ್ಟರೆ ಬಿಡಲಿ. ದೇವು ಗಾಜು ಬಿಚ್ಚುವ ಮಾತಾಡುತ್ತಿದ್ದಾರೆ. ಅವರ ಮುಖ ನೋಡಿದರೆ ಪಾಪ ಎನಿಸುತ್ತದೆ, ಆದರೂ ಬೇಡ ಎನ್ನಲಾರೆ. ಹೊರಗಿನ ಬೇಲಿಯ ಬಳಿ ಒಂದು ಹಳೇ ಬಳ್ಳಿ ಇದೆ, ಬಿಸಿ ಕಾಣದ್ದು. ಅದರಲ್ಲಿ ಸಿಕ್ಕ ನಾಲ್ಕು ಮೊಗ್ಗು ಕಟ್ಟಿ ಕಳಿಸಿದ್ದೇನೆ. ಇನ್ನು ಮುಂದೆಯೂ ಅದರದ್ದನ್ನೇ ಕಳಿಸುತ್ತೇನೆ.

ಸರೋಜಾ


ಮಾವಿನಕುರ್ವೆ
೧೦ ಫೆಬ್ರವರಿ ೧೯೭೪

ಸರೋಜಾ,

ಬಂದಿದ್ದಾನೆ.

ಹಲಗೆಯನ್ನು ಜಗಲಿಯಲ್ಲಿ, ಅವನು ಬಲೆ ಕಟ್ಟುತ್ತಿದ್ದ ಮೂಲೆಯಲ್ಲಿ ಇಟ್ಟೆ. ಭರತಿ ಏರಿದಾಗ ಅದು ಒದ್ದೆಯಾಗುತ್ತದೆ, ಇಳಿತಕ್ಕೆ ಒಣಗುತ್ತದೆ. ಮೊದಲೆರಡು ದಿನ ನನಗೆ ಹಬ್ಬ. ಎದುರು ಕೂತು ಊರ ಸುದ್ದಿಯೆಲ್ಲ ಹೇಳಿದೆ. ನಾಗನ ಮೇಲೆ ಚಾಡಿ ಹೇಳಿದೆ. ಅತ್ತೆ ದೂರದಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಎದ್ದು ಹೋಗಲಿಲ್ಲ.

ಈಗ ಖುಷಿ ಇಲ್ಲ. ನೀರು ಏರುವ ಹೊತ್ತಿಗೆ ಹಲಗೆ ಗೋಡೆಗೆ ಬಡಿದುಕೊಳ್ಳುತ್ತದೆ, ಟಕಟಕ ಟಕಟಕ. ನಾಗ ಇಲಿ ಎಂದ. ಅತ್ತೆ ಬಹಳ ಹೊತ್ತು ಕೇಳಿಸಿಕೊಂಡು, "ನಡುಗ್ತಾ ಅದೆ ಪೋರ" ಎಂದಳು. ಹೆತ್ತವಳಿಗೆ ಗೊತ್ತಾಯಿತು. ಅವನಿಗೆ ಚಳಿ, ಸರೋಜಾ. ಆಗಸ್ಟಿನಿಂದ ನೀರಲ್ಲಿದ್ದಾನೆ. ನಿನ್ನಲ್ಲಿ ಒಲೆ ಇತ್ತು, ಬೆನ್ನು ಕಾಯಿಸಿಕೊಂಡ. ನಾನು ಹೆಂಡತಿ, ನನ್ನ ಜಗಲಿಯಲ್ಲಿ ತಣ್ಣಗೆ ಕೂರಿಸಿದ್ದೇನೆ. ಕೆಂಡದ ಮಡಕೆ ತಂದು ಪಕ್ಕದಲ್ಲಿಟ್ಟೆ. ಆರಿಹೋಗುತ್ತದೆ. ಒಳಗೆ ಬಾ ಎಂದು ಕರೆದೆ. ಏಳುವುದಿಲ್ಲ. ಏಳುವುದು ಹೇಗೆ, ಇಡೀ ದೋಣಿ ಹೋಗಿ ಒಂದು ಹಲಗೆ ಉಳಿದಿದೆ. ಆ ಹಲಗೆ ಇರುವವರೆಗೆ ಅದರ ಮೇಲೆಯೇ ಕೂತಿರುತ್ತಾನೆ, ಇಳಿದು ಬರಲೂ ಆಗದು, ಹೊರಟು ಹೋಗಲೂ ಆಗದು.

ನಾನು ಅವನನ್ನು ಇಟ್ಟುಕೊಳ್ಳಬೇಕೆಂದು ಹಟ ಹಿಡಿದೆ. ಅವನಿಗೇನು ಬೇಕು ಎಂದು ಕೇಳಲಿಲ್ಲ. ನೀನು ಮರ ಯಾರದ್ದೆಂದು ಕೇಳದ ಹಾಗೆ.

ಏನು ಮಾಡಬೇಕೆಂದು ತಿಳಿದಿದೆ. ಮಾಡಲು ಮನಸ್ಸು ಬರುತ್ತಿಲ್ಲ. ನಿನ್ನ ಬೇಲಿಯ ಬಳ್ಳಿಯಲ್ಲಿ ಹೂ ಇದ್ದರೆ ಒಂದು ದಂಡೆ ಕಳಿಸು.

ಕಮಲಿ


ಮಾವಿನಕುರ್ವೆ
೧೬ ಫೆಬ್ರವರಿ ೧೯೭೪

ಸರೋಜಾ,

ಹೂ ಸರಿಯಾದ ದಿನ ಮುಟ್ಟಿತು. ಸಣ್ಣ ದಂಡೆ, ಸಾಕಾಯಿತು.

ಮೊನ್ನೆ ಅಷ್ಟಮಿ. ಅಷ್ಟಮಿಯ ಭರತಿ ಸಂಜೆಗೆ, ಇನ್ನೂ ಬಿಸಿಲಿರುವಾಗ. ಅವನು ಕಡಲಿಂದ ಬರುತ್ತಿದ್ದ ಹೊತ್ತು ಅದೇ. ಮಧ್ಯಾಹ್ನವೇ ಬಚ್ಚಲು ತೊಳೆದು ಹಂಡೆ ತುಂಬಿಸಿದೆ. ಹಲಗೆಯನ್ನು ಒಡೆದುಕೊಡು ಎಂದು ನಾಗನಿಗೆ ಕೊಡಲಿ ಕೊಟ್ಟೆ. ಅವನು ಎತ್ತಿದ ಕೊಡಲಿಯನ್ನು ಹಾಗೇ ಇಳಿಸಿದ. ನಾನೇ ಒಡೆದೆ. ಕವಡೆಯನ್ನು ಮೊದಲೇ ಬಿಡಿಸಿ ಬಚ್ಚಲಿನ ಹೊಸ್ತಿಲ ಮೇಲೆ ಇಟ್ಟೆ. ನೀರು ಏರುವ ಹೊತ್ತು ನೋಡಿ ಒಲೆಗೆ ಬೆಂಕಿ ಕೊಟ್ಟೆ.

ನೀನು ಬರೆದದ್ದು ನಿಜ, ಅಷ್ಟು ಚಂದದ ಬೆಂಕಿ ನಾನೂ ಕಂಡಿರಲಿಲ್ಲ. ಒಂದು ಹಲಗೆಗೆ ಹಂಡೆ ಕಾಯುವುದಿಲ್ಲ ಎಂದು ಅತ್ತೆ ಹೇಳಿದಳು. ಕಾದಿತು. ಹಬೆ ಬಚ್ಚಲು ತುಂಬಿ ಹೊರಗೆ ಬಂತು. ತಂಬಿಗೆ ಇಟ್ಟು, ಬಾಗಿಲು ಮುಂದೆ ಮಾಡಿ, ಅವನ ಪಂಚೆ ಮಡಿಲಲ್ಲಿಟ್ಟುಕೊಂಡು ಹೊರಗೆ ಬೆನ್ನು ತಿರುಗಿಸಿ ಕೂತೆ. ನಿನ್ನ ಹೂ ಮುಡಿದಿದ್ದೆ.

ಅಳಿವೆಯ ಕಡೆ ಹಕ್ಕಿಗಳು ಕೂಗುತ್ತಿದ್ದವು. ಆಮೇಲೆ ಒಳಗೆ ತಂಬಿಗೆ ಹಂಡೆಗೆ ತಾಗಿದ ಸದ್ದು. ನೀರು ಸುರಿದ ಸದ್ದು. ಇನ್ನೊಂದು ತಂಬಿಗೆ. ಅತ್ತೆಗೂ ಕೇಳಿಸಿತು, ನಾಗನಿಗೂ ಕೇಳಿಸಿತು, ಅವನು ಕಂಬ ಹಿಡಿದುಕೊಂಡು ನಿಂತಿದ್ದ. ನಾನು ದಿನಾ ಕೇಳುತ್ತಿದ್ದ ಹಾಗೆ ಕೇಳಿದೆ, "ಬಿಸಿ ಸಾಕಾ?"

ಮೀಯುವಾಗ ಅವನು ಯಾವತ್ತೂ ಉತ್ತರ ಕೊಟ್ಟವನಲ್ಲ.

ಇಳಿತ ಶುರುವಾದ ಮೇಲೆ ಸದ್ದು ನಿಂತಿತು. ಎದ್ದು ಒಳಗೆ ಹೋದೆ. ಹಂಡೆಯ ತಳ ಕಾಣುತ್ತಿತ್ತು. ನೆಲದಲ್ಲಿ ಒಂದು ಹಿಡಿ ಬಿಳಿ ಮರಳು. ಹೊಸ್ತಿಲ ಮೇಲೆ ಕವಡೆ ಇರಲಿಲ್ಲ. ನಾನು ಅಲ್ಲೇ ಕೂತಿದ್ದೆ, ನನ್ನನ್ನು ದಾಟಿ ಯಾರೂ ಹೋಗಿಲ್ಲ. ತಗೊಂಡು ಹೋಗಿದ್ದಾನೆ.

ಬಚ್ಚಲು ಬೆಚ್ಚಗಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತು ಅತ್ತುಕೊಂಡೆ. ನಿನ್ನ ಹೂ ಆಗ ಅರಳುತ್ತಿತ್ತು, ಸಂಜೆಯಾಗಿತ್ತು, ಮಲ್ಲಿಗೆ ಅರಳುವ ಹೊತ್ತಿಗೇ. ಮಲ್ಲಿಗೆಯ ಪರಿಮಳ ಬಿಟ್ಟು ಬೇರೆ ಯಾವ ವಾಸನೆಯೂ ಇರಲಿಲ್ಲ. ಅದನ್ನು ಮುಡಿಯಿಂದ ತೆಗೆದು ಹಂಡೆಯ ಕಂಠದ ಮೇಲಿಟ್ಟು ಹೊರಗೆ ಬಂದೆ. ಅತ್ತೆಯ ಎದುರು ಕೈ ನೀಡಿದೆ. ಅವಳೇ ಒಂದೊಂದಾಗಿ ಬಳೆ ತೆಗೆದಳು, ಒಂದನ್ನೂ ಒಡೆಯಲಿಲ್ಲ.

ದೇವಣ್ಣನಿಗೆ ಗಾಜು ಬಿಚ್ಚಬೇಡಿ ಎಂದು ಹೇಳು. ಬಿಸಿಲಿಗೆ ಎಷ್ಟು ಬಿಸಿಯಾಗುತ್ತದೋ ಅಷ್ಟಕ್ಕೆ ಎಷ್ಟು ಹೂ ಬಿಡುತ್ತದೋ ನೋಡಲಿ.

ನನಗೆ ಇನ್ನು ಹೂ ಕಳಿಸಬೇಡ. ಕಾಗದ ಬರೆ.

ನಿನ್ನ
ಕಮಲಿ